ಮೂರನೇ ಭಾನುವಾರ ದಾಟುವ ಕ್ಯಾಂಪೇನ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬರು ಕತೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಆಡುವ ಆಟ. ವಾರ ವಾರ ಮುಂದುವರಿಯುವ ಅದರ ಕತೆಯೇ ಕ್ಯಾಂಪೇನ್. ಈ ಮಾತೆಲ್ಲ ಕತೆ ನಡೆಸುವವರಿಗೆ. ಆಟ ಶುರು ಮಾಡಿದ ಎಷ್ಟೋ ಗುಂಪುಗಳು ಎರಡು ಮೂರು ಭಾನುವಾರಕ್ಕೇ ಚದುರಿಹೋಗುತ್ತವೆ. ನಿಯಮ ತಿಳಿಯದೆ ಅಲ್ಲ, 'ಈ ಕತೇಲಿ ನನಗೇನು ಕೆಲಸ?' ಅಂತ ಆಟಗಾರನಿಗೆ ಅನ್ನಿಸಿರುತ್ತದೆ, ಅದಕ್ಕೆ.

ಮೊದಲ ದಿನ ದಾಳ ಮುಟ್ಟಬೇಡಿ. ನಾಲ್ಕೈದು ಜನ ಒಟ್ಟಿಗೇ ಕೂತು ಪಾತ್ರ ಮಾಡಿಕೊಳ್ಳಿ. ಒಬ್ಬೊಬ್ಬರಿಗೂ ಮೂರೇ ಪ್ರಶ್ನೆ: ನಿನ್ನ ಪಾತ್ರಕ್ಕೆ ಈಗ ಏನು ಬೇಕು? ಯಾರನ್ನು ಕಳೆದುಕೊಳ್ಳೋಕೆ ಭಯ? ಪಕ್ಕದವನ ಪಾತ್ರಕ್ಕೂ ನಿನಗೂ ಏನು ಋಣ? 'ದುಡ್ಡು ಬೇಕು' ಅಂದರೆ ಅಷ್ಟಕ್ಕೇ ಬಿಡಬೇಡಿ. ಎಷ್ಟು ಸಾಲ, ಯಾರ ಹತ್ತಿರ, ವಾಯಿದೆ ಯಾವತ್ತಿಗೆ ಅಂತ ಕೇಳಿ. 'ಅಪ್ಪ ಅಮ್ಮ ಇಲ್ಲ, ನಾನು ಒಂಟಿ' ಅನ್ನೋರು ಪ್ರತಿ ಗುಂಪಲ್ಲೂ ಒಬ್ಬರಿರುತ್ತಾರೆ. ಅಂಥವರಿಗೆ ಬದುಕಿರುವ ತಂಗಿಯೊಬ್ಬಳನ್ನಾದರೂ ಕೊಡಿಸಿ, ಇಲ್ಲದಿದ್ದರೆ ಕತೆಗೆ ಹಿಡಿದು ಎಳೆಯಲು ದಾರವೇ ಇರೊಲ್ಲ.

ಪ್ರಪಂಚ ಪೂರ್ತಿ ಕಟ್ಟಲು ಹೋಗಬೇಡಿ. ಒಂದು ಊರು, ಒಂದು ಬೆಟ್ಟ ಸಾಕು. ತುಮಕೂರು ಕಡೆಯವರಿಗೆ ಮಧುಗಿರಿಯ ಏಕಶಿಲಾ ಬೆಟ್ಟವೇ ಸಿದ್ಧ ನಕ್ಷೆ: ಒಂದರ ಮೇಲೊಂದು ಬಾಗಿಲು, ನೀರಿನ ದೊಣೆ, ಕಣಜ, ಆಮೇಲೆ ಕಡಿದಾದ ಬೋಳು ಬಂಡೆ. ಕೋಲಾರದವರಿಗೆ 3 ಕಿಲೋಮೀಟರಿಗೂ ಆಳ ಹೋಗಿ 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿ ಇದೆ. ಆ ಕತ್ತಲಲ್ಲಿ ಏನಿಡಬೇಕು ಅಂತ ಬೇರೆ ಹೇಳಬೇಕಿಲ್ಲ.

ಬೋಳು ಬಂಡೆಯನ್ನೇ ನೋಡಿ. ಹತ್ತಲು ಮುಟ್ಟಬೇಕಾದ ಗುರಿ 15, ದಾಳಕ್ಕೆ ಕೂಡಿಸಲು ಪಾತ್ರದ ಸಾಮರ್ಥ್ಯದಿಂದ 5 ಹೆಚ್ಚುವರಿ ಇದೆ ಅಂದುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಮೇಲೆ ಬೀಳಬೇಕು, ಅಂದರೆ ಗೆಲುವು ಶೇ. 55. ನೂರಕ್ಕೆ 45 ಸಲ ಸೋಲು. ಆ ಸೋಲಿಗೆ 'ಆಗಲಿಲ್ಲ, ಮತ್ತೆ ಉರುಳಿಸು' ಅಂದರೆ ಆಟ ಅಲ್ಲೇ ಸತ್ತಿತು. ಹತ್ತಿಬಿಟ್ಟ, ಆದರೆ ಹಗ್ಗದ ಚೀಲ ಕೆಳಗೆ ಬಿದ್ದು ಸದ್ದಾಯಿತು, ಕಣಜದ ಹತ್ತಿರ ಒಂದು ದೀವಟಿಗೆ ಅಲ್ಲಾಡಿತು ಅನ್ನಿ. ದಾಳದಲ್ಲಿ ಸೋತರೂ ಕತೆ ಒಂದು ಹೆಜ್ಜೆ ಮುಂದೆ ಹೋಗಬೇಕು.

ಹೊಸಬರು ಎಡವುವ ಇನ್ನೊಂದು ಜಾಗ ಕಾದಾಟ. ನಾಲ್ಕು ಜನಕ್ಕೆ ನಾಲ್ಕು ಗಾಬ್ಲಿನ್ (ಕುಳ್ಳ ರಾಕ್ಷಸರು) ಸರಿಸಮ ಅನ್ನಿಸುತ್ತದೆ. 2014ರ ನಿಯಮದಲ್ಲಿ ಲೆಕ್ಕ ಹಾಕಿ: ಗಾಬ್ಲಿನ್‌ಗೆ 50 ಅನುಭವಾಂಕ, ನಾಲ್ಕಕ್ಕೆ 200, ಮೂರರಿಂದ ಆರು ಶತ್ರುಗಳಿದ್ದರೆ ಕಷ್ಟ ಅಳೆಯಲು ಅದರ ಎರಡರಷ್ಟು, ಒಟ್ಟು 400. ಮೊದಲ ಲೆವೆಲ್‌ನ ನಾಲ್ವರಿಗೆ 400 ಅಂದರೆ ಪ್ರಾಣಾಂತಿಕ ಮಟ್ಟ. ಗಾಬ್ಲಿನ್‌ನ ಒಂದು ಏಟಿಗೆ ಸರಾಸರಿ 5 ಜೀವಾಂಶ ಹೋಗುತ್ತದೆ, ಮಂತ್ರವಾದಿಗೆ ಇರುವುದೇ 7 ಆದರೆ ಎರಡೇ ಏಟಿಗೆ ಮಲಗುತ್ತಾನೆ. ಮೊದಲ ಸಲ ಎರಡೇ ಗಾಬ್ಲಿನ್ ಕಳಿಸಿ, ಅದರಲ್ಲೊಂದು ಓಡಿಹೋಗಲಿ. ಓಡಿಹೋದದ್ದು ಮುಂದಿನ ವಾರಕ್ಕೆ ಬಂಡವಾಳ.

ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಎಲ್ಲರ ಹೆಸರು ಬರೆದಿಟ್ಟುಕೊಳ್ಳಿ. ಯಾರದಾದರೂ ಸಾಲ, ತಂಗಿ, ಋಣ ಕತೆಗೆ ಬಂದಾಗ ಟಿಕ್ ಹಾಕಿ. ಎರಡು ವಾರ ಖಾಲಿ ಇದ್ದವರಿಂದಲೇ ಮೂರನೇ ವಾರ ಶುರು ಮಾಡಿ: ತಂಗಿಯ ಓಲೆ ಬಂತು, ಅರ್ಧ ಸುಟ್ಟಿದೆ. ಮಾತು ಕಮ್ಮಿ ಇರುವ ಆಟಗಾರ ಫೋನ್ ನೋಡುತ್ತಿದ್ದಾನೆ ಅಂತ ಬೈಯಬೇಡಿ, ಮೊದಲು ಆ ಹಾಳೆ ನೋಡಿ. ಒಳ್ಳೆ ಉಪಾಯ ಹೂಡಿದವರಿಗೆ ಆಗಿಂದಾಗಲೇ 2014ರ ನಿಯಮದ ಇನ್‌ಸ್ಪಿರೇಶನ್ ಅನ್ನೋ ಬಹುಮಾನ ಕೊಡಿ: ಬೇಕಾದಾಗ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲಿ. ಕೊಟ್ಟದ್ದನ್ನು ಮರೆಯುವುದೇ ಹೆಚ್ಚು, ಹುಣಿಸೆಬೀಜವೊಂದನ್ನು ಮುಂದಿಟ್ಟರೆ ನೆನಪಿರುತ್ತದೆ.

ಮೂರು ಗಂಟೆ ಮೀರಬೇಡಿ. ಐವರಲ್ಲಿ ಮೂವರು ಬಂದರೂ ಆಡಿ. ಎಲ್ಲರೂ ಸೇರಲಿ ಅಂತ ಕಾದರೆ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರ ಗುಂಪು ಕೂಡುವುದೇ ಇಲ್ಲ. ಬಾರದವರ ಪಾತ್ರ ದೊಣೆ ಹತ್ತಿರ ಕಾವಲು ಕೂತಿರಲಿ, ಸಾಯಿಸಬೇಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿದ್ದರೆ ಬಿಡುವು ಕೊಟ್ಟು ತಿನ್ನಿ, ಚಟ್ನಿ ಮೆತ್ತಿದ ದಾಳದಲ್ಲಿ 6 ಯಾವುದು 9 ಯಾವುದು ಅಂತ ಜಗಳ ಬೇಡ.

ಏಳುವ ಮುಂಚೆ ಒಂದು ಕೇಳಿ: 'ಮುಂದಿನ ವಾರ ಎಲ್ಲಿಗೆ?' ಕಣಜಕ್ಕೆ ಅಂದರೆ ಕಣಜ ಮಾತ್ರ ತಯಾರು ಮಾಡಿ.