ಹಂಡೆಯ ಬಿಳಿ ಪೊರೆ, ಬೇಲಂನ ಗುಹೆ

ಚಿತ್ರದುರ್ಗದವರಿಗೆ ಗುಹೆ ಅಂದರೆ ಚಂದ್ರವಳ್ಳಿ. ಅಂಕಲಿ ಮಠದ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನಡೆಯುವಾಗ ಮಕ್ಕಳು ಕೇಳುತ್ತಾರೆ: ಬೇಲಂ ಗುಹೆಯಲ್ಲಿರುವ ಹಾಗೆ ಇಲ್ಲೇಕೆ ಕಲ್ಲಿನ ಕಡ್ಡಿ ನೇತಾಡುವುದಿಲ್ಲ? ಉತ್ತರ ಕಲ್ಲಿನಲ್ಲೇ ಇದೆ. ನಮ್ಮದು ನೀರಿಗೆ ಸುಲಭವಾಗಿ ಜಗ್ಗದ ಗಟ್ಟಿ ಬಂಡೆ. ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂ ಸುಣ್ಣದ ಕಲ್ಲು. ಅಲ್ಲಿನ ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ಗುಹೆಯನ್ನು ಕೊರೆದದ್ದು ನೀರು.

ಹೇಗೆ? ಮೊದಲು ಮೊಟ್ಟೆಯ ಚಿಪ್ಪಿಗೆ ನಿಂಬೆರಸ ಬಿಡಿ. ಸಣ್ಣ ಗುಳ್ಳೆ ಏಳುತ್ತವೆ. ಚಿಪ್ಪಿನಲ್ಲೂ ಸುಣ್ಣದ ಕಲ್ಲಿನಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಹುಳಿಗೆ ಕರಗುತ್ತದೆ.

ಮಳೆನೀರಿಗೆ ಹುಳಿ ಎಲ್ಲಿಂದ ಬಂತು ಅಂತೀರಾ? ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಸೇರುತ್ತದೆ. ಮಣ್ಣಿಗಿಳಿದಾಗ ಇನ್ನೂ ಜಾಸ್ತಿ, ಯಾಕೆಂದರೆ ಬೇರುಗಳೂ ಸೂಕ್ಷ್ಮಜೀವಿಗಳೂ ಅಲ್ಲೇ ಉಸಿರಾಡುತ್ತವೆ. ಗೋಲಿಸೋಡಾದ ಚುರುಕಿಗೂ ಇದೇ ಅನಿಲ ಕಾರಣ. ಮಳೆನೀರಿನಲ್ಲಿ ಅದು ತೀರಾ ಕಡಿಮೆ ಅಷ್ಟೇ.

ಆ ನೀರು ಕೂದಲೆಳೆಯಂಥ ಬಿರುಕುಗಳಲ್ಲಿ ಇಳಿಯುತ್ತದೆ. ಸ್ವಲ್ಪ ಅಗಲವಾದ ಬಿರುಕಿಗೆ ಹೆಚ್ಚು ನೀರು, ಹೆಚ್ಚು ನೀರಿಗೆ ಇನ್ನೂ ಅಗಲ. ಉಳಿದವು ಸೊರಗುತ್ತವೆ, ಅದೊಂದೇ ಓಣಿಯಾಗುತ್ತದೆ. ಇದಕ್ಕೆ ಸಾವಿರಗಟ್ಟಲೆ, ಲಕ್ಷಗಟ್ಟಲೆ ವರ್ಷ ಬೇಕು. ಮುಂದೆ ಅಂತರ್ಜಲ ಕೆಳಗಿಳಿದರೆ ನೀರು ತುಂಬಿದ್ದ ಓಣಿಗೆ ಗಾಳಿ ನುಗ್ಗುತ್ತದೆ.

ನನಗೆ ತುಂಬಾ ಇಷ್ಟದ ಭಾಗ ಇನ್ನು ಬರುತ್ತದೆ. ಚಾವಣಿಯಲ್ಲಿ ಒಂದು ಹನಿ ತೂಗುತ್ತಿರುತ್ತದೆ. ಅದರೊಳಗಿನ ಅನಿಲ ಹೊರಹೋಗುತ್ತದೆ, ಕರಗಿದ್ದ ಸುಣ್ಣವನ್ನು ಹಿಡಿದಿಡಲು ನೀರಿಗೆ ಆಗುವುದಿಲ್ಲ. ಹನಿಯ ಅಂಚಿನಲ್ಲಿ ಎಳೆ ಬಳೆಯಂಥ ಪದರ ಉಳಿಯುತ್ತದೆ. ಬಳೆಯ ಕೆಳಗೆ ಬಳೆ ಕಟ್ಟಿ ಟೊಳ್ಳು ಕೊಳವೆಯಾಗುತ್ತದೆ. ಕೆಳಗೆ ಬಿದ್ದ ಹನಿ ನೆಲದಲ್ಲಿ ಗುಬುಟು ಎಬ್ಬಿಸುತ್ತದೆ. ಬೆಳವಣಿಗೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ. 1779ರಲ್ಲಿ ಮದಕರಿ ನಾಯಕರ ಕೋಟೆ ಹೈದರಾಲಿಯ ಕೈಸೇರಿತಲ್ವಾ? ಅಂದಿನಿಂದ ಬೆಳೆದದ್ದು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು! ಬೇಲಂಗೆ ಹೋದಾಗ ಅವನ್ನು ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದರೆ ಹೊಸ ಪದರ ಸರಿಯಾಗಿ ಕೂರುವುದಿಲ್ಲ.

ಅಷ್ಟು ದೂರ ಹೋಗಲು ಆಗದವರು ಬಚ್ಚಲ ಹಂಡೆಯೊಳಗೆ ಇಣುಕಿ. ಬೋರ್‌ವೆಲ್ ನೀರು ಕಾಯಿಸುವ ಮನೆಯಲ್ಲಿ ತಳಕ್ಕೆ ಬಿಳಿ ಪೊರೆ ಕಟ್ಟಿರುತ್ತದೆ. ಕಾಯಿಸಿದಾಗ ಅನಿಲ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಗುಹೆಯಲ್ಲಿ ಬೆಂಕಿ ಇಲ್ಲ, ಅವಸರವೂ ಇಲ್ಲ. ಮುಂದಿನ ಸಲ ಹಂಡೆ ಉಜ್ಜುವ ಮೊದಲು ಒಂದು ಚಕ್ಕೆ ಎತ್ತಿಟ್ಟು ಅದಕ್ಕೂ ನಿಂಬೆರಸ ಬಿಟ್ಟು ನೋಡಿ.