ಆಯುಷ್ಮಾನ್ ಕಾರ್ಡ್ ಇದೆ ಸರಿ, ಅರ್ಧರಾತ್ರಿ ಎಲ್ಲಿಗೆ ಓಡುವುದು?

ಅಪ್ಪ ಅಮ್ಮ ಇರುವುದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಅಪ್ಪನಿಗೆ ಬಿಪಿ, ಶುಗರ್ ಎರಡೂ ಇವೆ. ಅವರದು ಬಿಪಿಎಲ್ ಕಾರ್ಡ್, ಹಾಗಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. (ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.) ಆದರೆ ಸ್ಟ್ರೋಕ್ ಆದರೆ ಯಾವ ಆಸ್ಪತ್ರೆ, ಬಿದ್ದು ತಲೆಗೆ ಪೆಟ್ಟಾದರೆ ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋದ ದಸರಾ ರಜೆಯಲ್ಲಿ ಅದನ್ನೇ ಹಿಡಿದು ಕೂತೆ.

ಯೋಜನೆಯ ವೆಬ್‌ಸೈಟಿನಲ್ಲಿ ರಾಜ್ಯ, ಜಿಲ್ಲೆ ಒತ್ತಿದರೆ ಆಸ್ಪತ್ರೆಗಳ ಪಟ್ಟಿ ಬರುತ್ತದೆ. ಬಹಳ ಜನ ಹೆಸರು ನೋಡಿ ಅಲ್ಲಿಗೇ ಬಿಡುತ್ತಾರೆ. ಪ್ರತಿ ಹೆಸರಿನ ಜೊತೆ ವಿಭಾಗಗಳನ್ನೂ ಕೊಟ್ಟಿರುತ್ತಾರೆ, ಓದಬೇಕಾದ್ದು ಅದನ್ನು. ಕಣ್ಣಿನ ಆಪರೇಷನ್ನಿಗೆ ಮಾತ್ರ ಸೇರಿದ ಆಸ್ಪತ್ರೆಯೂ ಡಯಾಲಿಸಿಸ್ಸಿಗೆ ಮಾತ್ರ ಸೇರಿದ್ದೂ ಅದೇ ಪಟ್ಟಿಯಲ್ಲಿರುತ್ತವೆ.

ಆಮೇಲೆ ಫೋನು. ರಿಸೆಪ್ಷನ್ನಿನಲ್ಲಿ ‘ಆಯುಷ್ಮಾನ್ ತಗೋತೀರಾ’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ನಾನು ಆರೋಗ್ಯ ಮಿತ್ರರಿಗೆ ಕೊಡಿ ಅನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವವರು ಅವರು, ಕಾರ್ಡಿನ ಕೆಲಸವೆಲ್ಲ ಅವರದೇ.

‘ಮೇಡಂ, ರಾತ್ರಿ ಎರಡಕ್ಕೆ ಸ್ಟ್ರೋಕ್ ಆಗಿ ಬಂದರೆ ಕಾರ್ಡಿನ ಮೇಲೆ ಅಡ್ಮಿಟ್ ಮಾಡ್ಕೋತೀರಾ?’

‘ಸ್ಕ್ಯಾನಿಂಗ್ ಇದೆ ಸರ್, ನ್ಯೂರೋ ಡಾಕ್ಟ್ರು ರಾತ್ರಿ ಇರಲ್ಲ. ನೇರ ಹಾಸನದ ಹಿಮ್ಸ್‌ಗೇ ಹೋಗ್ಬಿಡಿ.’

ಹಿಮ್ಸ್ ಅಂದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಇಷ್ಟು ನೇರವಾಗಿ ಹೇಳುವವರು ಸಿಕ್ಕಿದ್ದು ನಮ್ಮ ಪುಣ್ಯ. ಇನ್ನೊಂದು ಖಾಸಗಿ ಆಸ್ಪತ್ರೆಯಲ್ಲಿ ‘ಮೊದಲು ಅಡ್ವಾನ್ಸ್ ಕಟ್ಟಿ, ಬೆಳಿಗ್ಗೆ ಕಾರ್ಡಿಗೆ ಹಾಕೋಣ’ ಅಂದರು. ಆ ಹೆಸರನ್ನು ಹೊಡೆದುಹಾಕಿದೆ. ಕಟ್ಟಿ ಆಮೇಲೆ ಕ್ಲೇಮ್ ಮಾಡಿಕೊಳ್ಳುವ ಖಾಸಗಿ ವಿಮೆಯಂಥದಲ್ಲ ಇದು. ಅಡ್ಮಿಟ್ ಆಗುವಾಗಲೇ ರೇಷನ್ ಕಾರ್ಡು, ಆಧಾರ್ ಮುಂದಿಡಬೇಕು.

ರೆಫರಲ್ ಚೀಟಿಯದು ಇನ್ನೊಂದು ಗೊಂದಲ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯವರು ಬರೆದುಕೊಟ್ಟರಷ್ಟೇ ಖಾಸಗಿಯಲ್ಲಿ ಕಾರ್ಡು ನಡೆಯುತ್ತದೆ. ಯೋಜನೆಯ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವುದಕ್ಕೆ ಮಾತ್ರ ಚೀಟಿ ಬೇಡ, ನೇರ ಹೋಗಬಹುದು. ನಮಗೆ ತುರ್ತು ಅನ್ನಿಸಿದ್ದೆಲ್ಲ ಆ ಪಟ್ಟಿಯಲ್ಲಿ ಇರುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿದೆ.

ಎದೆನೋವಿಗೆ ಅಪ್ಪ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಅನ್ನುತ್ತಿದ್ದರು. ಅಷ್ಟು ದೂರ ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆ ಅಂತ ನಾನು ಹಟ ಹಿಡಿದೆ: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ಮಾಡಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆಯಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ, ಮೇಲೆ ಆಂಬುಲೆನ್ಸಿನ 108. ಒಂದು ಪ್ರತಿ ಪಕ್ಕದ ಮನೆಯ ಹುಡುಗನಿಗೂ ಕೊಟ್ಟಿದ್ದೇನೆ, ಕಾರು ಇರುವುದು ಅವನ ಹತ್ತಿರವೇ. ಆಸ್ಪತ್ರೆಗಳು ಯೋಜನೆ ಬಿಡುವುದೂ ಉಂಟು, ಹೊಸದು ಸೇರುವುದೂ ಉಂಟು. ಊರಿಗೆ ಹೋದಾಗಲೆಲ್ಲ ಆ ನಂಬರುಗಳಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ.