ಕೊನೆ ಬಸ್ಸಿಗೆ ಮೊದಲು 6 ರೌಂಡ್

ಮಡಿಕೇರಿಯಲ್ಲಿ ಚೆಸ್ ಪಂದ್ಯಾವಳಿ ಇಡಬೇಕು ಅಂದರೆ ನಾನು ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ವೇಳೆ ಕೇಳಿಕೊಂಡು ಬರುತ್ತೇನೆ. ಹಾಲ್ ಬುಕ್ ಮಾಡುವುದು ಆಮೇಲೆ. ನಾಪೋಕ್ಲು, ಭಾಗಮಂಡಲ, ಸಿದ್ದಾಪುರ, ಸೋಮವಾರಪೇಟೆ ಕಡೆಯಿಂದ ಮಕ್ಕಳು ಬರುತ್ತಾರೆ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಒಳಗಿನ ಊರುಗಳಿಗೆ ಬಸ್ಸೂ ಕಡಿಮೆ. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯಬೇಕಾದ ಮಕ್ಕಳಿದ್ದಾರೆ. ಸಂಜೆಯಾದರೆ ಆ ದಾರಿಗೆ ಆನೆ ಬರುತ್ತದೆ. ಅದಕ್ಕೇ 3 ಗಂಟೆಗೆ ಬಹುಮಾನ ಕೊಟ್ಟು ಮುಗಿಸಲೇಬೇಕು ಎಂದು ಗೆರೆ ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡುತ್ತೇನೆ.

ಲೆಕ್ಕ ಹೀಗೆ. ಒಬ್ಬೊಬ್ಬರಿಗೆ 10 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಸೇರ್ಪಡೆ. 60 ನಡೆಯ ಉದ್ದದ ಆಟವಾದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಫಲಿತಾಂಶ ಬರೆದುಕೊಂಡು ಮುಂದಿನ ಜೋಡಿ ಹಾಕಲು 10 ನಿಮಿಷ. ಅಲ್ಲಿಗೆ ರೌಂಡಿಗೆ 40 ನಿಮಿಷ, 6 ರೌಂಡಿಗೆ 4 ಗಂಟೆ. 10ಕ್ಕೆ ಶುರು ಮಾಡಿ, ಊಟಕ್ಕೆ ಮುಕ್ಕಾಲು ಗಂಟೆ ಬಿಟ್ಟರೂ ಪೌಣೇ ಮೂರಕ್ಕೆ ಮುಗಿಯುತ್ತದೆ. ಇದು ನಡೆಯಬೇಕಾದರೆ ಉದ್ಘಾಟನೆ ಭಾಷಣ ಇರಬಾರದು. ಗಣ್ಯರು ಬರುವುದಾದರೆ ಬಹುಮಾನದ ಹೊತ್ತಿಗೆ ಬರಲಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಬೇಜಾರು ಮಾಡಿಕೊಂಡವರು ಇದ್ದಾರೆ. ಆದರೆ ಮಕ್ಕಳು ಬೆಳಕಿರುವಾಗಲೇ ಮನೆ ಸೇರುವುದು ನನಗೆ ಮುಖ್ಯ.

ಎಲ್ಲ ಬೋರ್ಡಿಗೂ ಡಿಜಿಟಲ್ ಕ್ಲಾಕ್ ಬೇಕಾ ಅಂತ ಹೊಸದಾಗಿ ಶುರು ಮಾಡುವವರು ಕೇಳುತ್ತಾರೆ. ಬೇಡ. ಕ್ಲಾಕ್ ದುಬಾರಿ, ಮಕ್ಕಳ ಆಟವೋ ಬೇಗ ಮುಗಿಯುವಂಥದ್ದು. ಕ್ಲಾಕ್ ಸಾಲದಿದ್ದಾಗ ಕೆಳಗಿನ ಬೋರ್ಡುಗಳಲ್ಲಿ ಹಾಗೇ ಆಟ ಶುರು ಮಾಡಿಸಿ. 20 ನಿಮಿಷ ಕಳೆದ ಮೇಲೂ ಮುಗಿಯದೆ ಉಳಿದ ಬೋರ್ಡಿಗೆ ಮಾತ್ರ ತಲಾ 5 ನಿಮಿಷ ಇಟ್ಟ ಕ್ಲಾಕ್ ತಂದಿಡಿ. ಅಷ್ಟು ಹೊತ್ತಿಗೆ ಉಳಿದಿರುವುದು ಕೆಲವೇ ಬೋರ್ಡ್. ಹೀಗೆ ಮಾಡುತ್ತೇವೆ ಎಂದು ಆಟಕ್ಕೆ ಮೊದಲೇ ಹೇಳಿಬಿಡಬೇಕು, ಅಷ್ಟೆ.

ನಾಕೌಟ್ ಇಡಿ, ಬೇಗ ಮುಗಿಯುತ್ತೆ ಅಂತ ಪ್ರತಿ ಸಲ ಯಾರಾದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಕೌಟಿನಲ್ಲಿ ಮೊದಲ ರೌಂಡಿಗೇ ಅರ್ಧ ಜನ ಹೊರಗೆ. ಬೆಳಿಗ್ಗೆ ಕತ್ತಲಲ್ಲೇ ಎದ್ದು ಬಸ್ಸು ಹಿಡಿದು ಬಂದ ಮಗು ಒಂದೇ ಆಟ ಆಡಿ ವಾಪಸ್ ಹೋಗಬೇಕಾ? ಸ್ವಿಸ್ ಪದ್ಧತಿಯಲ್ಲಿ ಯಾರೂ ಹೊರಗೆ ಬೀಳುವುದಿಲ್ಲ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ ಪದ್ಧತಿ ಇದು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿ. ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ. 32 ಜನರಿಗೆ 5 ರೌಂಡ್, 64 ಜನರಿಗೆ 6 ರೌಂಡ್ ಸಾಕು, ಅಷ್ಟರಲ್ಲಿ ಎಲ್ಲ ಆಟ ಗೆದ್ದವರು ಒಬ್ಬರಿಗಿಂತ ಹೆಚ್ಚು ಉಳಿಯುವುದಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಕೆಳಗಿನ ಬೋರ್ಡುಗಳು. ಮೂರು ಆಟ ಸೋತ ಹುಡುಗಿಗೆ ನಾಲ್ಕನೆಯದರಲ್ಲಿ ತನ್ನಂಥವಳೇ ಎದುರಾಗುತ್ತಾಳೆ. ಅಲ್ಲಿ ನಡೆಯುವ ಹೋರಾಟ ಒಂದನೇ ಬೋರ್ಡಿನದಕ್ಕಿಂತ ಏನೂ ಕಡಿಮೆ ಇಲ್ಲ.

ಜೋಡಿ ಹಾಕಲು ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ಇದೆ. ಆದರೂ ಕಾರ್ಡುಗಳನ್ನು ಬಿಟ್ಟಿಲ್ಲ. ಕೊಡಗಿನಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ, ಅಲ್ವಾ? ಪೋಸ್ಟ್ ಕಾರ್ಡಿನಷ್ಟು ದೊಡ್ಡ ರಟ್ಟು, ಒಬ್ಬರಿಗೆ ಒಂದು. ಮೇಲೆ ಹೆಸರು ಮತ್ತು ನಂಬರ್. ಕೆಳಗೆ ರೌಂಡಿಗೊಂದು ಸಾಲು: ಎದುರಾಳಿ ನಂಬರ್, ಬಿಳಿಯೋ ಕಪ್ಪೋ, ಸಿಕ್ಕ ಅಂಕ, ಒಟ್ಟು. ರೌಂಡ್ ಮುಗಿದ ಕೂಡಲೇ ಕಾರ್ಡುಗಳನ್ನು ಅಂಕದ ಪ್ರಕಾರ ಮೇಜಿನ ಮೇಲೆ ಗುಡ್ಡೆ ಮಾಡುತ್ತೇನೆ. 2 ಅಂಕದವರದೊಂದು ಗುಡ್ಡೆ, ಒಂದೂವರೆಯದೊಂದು, 1ರದೊಂದು, ಹೀಗೆ. ಗುಡ್ಡೆಯಲ್ಲಿ 8 ಕಾರ್ಡಿದ್ದರೆ ನಂಬರ್ ಪ್ರಕಾರ ಜೋಡಿಸಿ ಮಧ್ಯಕ್ಕೆ ಮುರಿಯುವುದು. ಮೊದಲನೆಯವನಿಗೆ ಐದನೆಯವನು, ಎರಡನೆಯವನಿಗೆ ಆರನೆಯವನು. ಆಗಲೇ ಆಡಿದ್ದರೆ ಪಕ್ಕದ ಕಾರ್ಡಿಗೆ ಬದಲಿಸುವುದು. ಎರಡು ಸಲ ಸತತ ಕಪ್ಪು ಬಂದವರಿಗೆ ಈ ಸಲ ಬಿಳಿ. ಕಾರ್ಡ್ ಉಳಿದರೆ ಕೆಳಗಿನ ಗುಡ್ಡೆಗೆ ಇಳಿಸುವುದು. ಕೊನೆಗೆ ಒಬ್ಬರೇ ಉಳಿದರೆ ಬೈ, ಅಂದರೆ ಆಡದೆಯೇ 1 ಅಂಕ. ಒಮ್ಮೆ ಬೈ ಸಿಕ್ಕವರಿಗೆ ಮತ್ತೆ ಇಲ್ಲ. ಕಾರ್ಡಿನಲ್ಲಿ ಮಾಡಿ ಅಭ್ಯಾಸ ಇದ್ದವರಿಗೆ ಸಾಫ್ಟ್‌ವೇರ್ ಹಾಕಿದ ಜೋಡಿ ಯಾಕೆ ಹಾಗೆ ಬಂತು ಅಂತ ಅರ್ಥವಾಗುತ್ತದೆ. "ನನ್ನ ಮಗನಿಗೇ ಯಾಕೆ ಗಟ್ಟಿ ಆಟಗಾರ ಬಂದ?" ಎಂದು ಅಪ್ಪ ಕೇಳಿದಾಗ ಕಾರ್ಡು ತೋರಿಸಿ ಹೇಳಬಹುದು.

ಇನ್ನು ತಿಂಗಳ ಲೆಕ್ಕ. ಇದರಲ್ಲಿ ಬೇರೆ ಜಿಲ್ಲೆಯವರ ಸಲಹೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಡಿಸೆಂಬರಿನಿಂದ ಕಾಫಿ ಕುಯ್ಲು ಜೋರು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ತೋಟದವರಾಗಲಿ, ತೋಟದ ಕೆಲಸಗಾರರ ಸಾಲುಮನೆ ಅಂದರೆ ಲೈನ್ ಮನೆಯವರಾಗಲಿ, ಮಕ್ಕಳನ್ನು ಕರೆದುಕೊಂಡು ಬರಲು ಯಾರಿಗೂ ಪುರುಸೊತ್ತಿಲ್ಲ. ಅದರ ಹಿಂದೆಯೇ ಪರೀಕ್ಷೆ. ಏಪ್ರಿಲ್, ಮೇ ರಜೆ ಒಳ್ಳೆಯದು, ಆದರೆ ಅದು ಕೊಡವ ಕೌಟುಂಬಿಕ ಹಾಕಿ ಹಬ್ಬದ ಕಾಲ. ಹಾಕಿಗೆ ಎದುರು ದಿನ ಇಟ್ಟರೆ ಯಾರು ಬರುತ್ತಾರೆ? ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬ, ಆಮೇಲೆ ದಸರಾ, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ಇವೆಲ್ಲ ಬಿಟ್ಟು ನೋಡಿದರೆ ಎದುರಾಎದುರು ಕೂತು ಆಡಲು ನಮಗೆ ಉಳಿಯುವುದು ಎರಡೇ ಸಂದು. ಪುತ್ತರಿ ಹಬ್ಬಕ್ಕೂ ಕುಯ್ಲಿಗೂ ಮುಂಚಿನ ನವೆಂಬರ್, ಮತ್ತೆ ಹಾಕಿ ಇಲ್ಲದ ಬೇಸಿಗೆಯ ಭಾನುವಾರಗಳು.

ಹಾಲ್ ಅಂದರೆ ನನಗೆ ಕಲ್ಯಾಣ ಮಂಟಪದ ಊಟದ ಹಾಲ್. ಶಾಲೆಯ ಡೆಸ್ಕುಗಳು ಎಷ್ಟೋ ಕಡೆ ಇಳಿಜಾರಾಗಿರುತ್ತವೆ, ಕಾಯಿ ಜಾರುತ್ತದೆ. ಊಟದ ಟೇಬಲ್ ಸಮ ಇರುತ್ತದೆ, ಉದ್ದವೂ ಇರುತ್ತದೆ. ಮಂಜು ಕವಿದ ದಿನ ಹಗಲಲ್ಲೂ ಒಳಗೆ ಕತ್ತಲು, ಅದಕ್ಕೆ ಟ್ಯೂಬ್‌ಲೈಟ್ ಎಣಿಸಿಕೊಂಡೇ ಬುಕ್ ಮಾಡುವುದು.

ಫಲಿತಾಂಶದ ಗೊಂದಲ ತಪ್ಪಿಸಲು ಎರಡು ಕೆಲಸ ಮಾಡಿಸುತ್ತೇನೆ. ಆಟ ಮುಗಿದ ಮೇಲೆ ಇಬ್ಬರೂ ಕೈ ಕುಲುಕಿ, ಇಬ್ಬರೂ ಒಟ್ಟಿಗೇ ಬಂದು ಚೀಟಿಗೆ ಸಹಿ ಹಾಕಬೇಕು. ಒಬ್ಬನೇ ಓಡಿ ಬಂದು "ಸರ್, ಗೆದ್ದೆ" ಅಂದರೆ ಬರೆಯುವುದಿಲ್ಲ. ಬರುವ ಮೊದಲು ಎರಡೂ ರಾಜರನ್ನು ಬೋರ್ಡಿನ ನಡುವಿನ ನಾಲ್ಕು ಮನೆಗಳಲ್ಲಿ ಇಟ್ಟು ಬರಬೇಕು. ಬಿಳಿ ಗೆದ್ದರೆ ಎರಡೂ ರಾಜ ಬಿಳಿ ಮನೆಗಳಲ್ಲಿ. ಕಪ್ಪು ಗೆದ್ದರೆ ಕಪ್ಪು ಮನೆಗಳಲ್ಲಿ. ಡ್ರಾ ಆದರೆ ಒಂದು ಬಿಳಿ ಮನೆ, ಒಂದು ಕಪ್ಪು ಮನೆ. ಚೀಟಿ ಕಳೆದುಹೋದರೂ ಸಾಲಿನಲ್ಲಿ ನಡೆಯುತ್ತಾ ನೋಡಿಕೊಂಡು ಬಂದರೆ ಎಲ್ಲ ಗೊತ್ತಾಗುತ್ತದೆ.

ತೀರ್ಪುಗಾರನಿಗೆ ಕಷ್ಟದ ಕೆಲಸ ಅಂದರೆ ಬಾಯಿ ಮುಚ್ಚಿಕೊಂಡು ನಿಲ್ಲುವುದು. ಒಂದು ಆಟ ಹೇಳುತ್ತೇನೆ. ಇಬ್ಬರೂ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿನವರು. ಹುಡುಗಿ ರಾಣಿಯಿಂದ ಚೆಕ್ ಕೊಟ್ಟಿದ್ದಳು, ಬಾಯಲ್ಲಿ ಹೇಳಿರಲಿಲ್ಲ, ಹೇಳಬೇಕೆಂಬ ನಿಯಮವೂ ಇಲ್ಲ. ಹುಡುಗ ಅದನ್ನು ನೋಡದೆ ಕುದುರೆ ಹಾರಿಸಿದ. ಆ ಕುದುರೆ ಅವಳ ರಾಜನಿಗೆ ಚೆಕ್. ಈಗ ಎರಡೂ ರಾಜರು ಚೆಕ್‌ನಲ್ಲಿ. ಇಬ್ಬರಿಗೂ ಗೊತ್ತಿಲ್ಲ. ನಾನು ಆ ಸಾಲಿಗೆ ಬಂದು ನಿಂತಾಗ ಪರಿಸ್ಥಿತಿ ಇದು. ರ‍್ಯಾಪಿಡ್ ಆಟಕ್ಕೆ, ಅಂದರೆ ನಮ್ಮದರಂಥ ಕಡಿಮೆ ಸಮಯದ ಆಟಕ್ಕೆ, ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮ ಸ್ಪಷ್ಟವಾಗಿದೆ: ಇಂಥ ಸ್ಥಿತಿ ಕಂಡರೆ ತೀರ್ಪುಗಾರ ಇನ್ನೊಂದು ನಡೆ ಮುಗಿಯುವವರೆಗೆ ಕಾಯಬೇಕು. ಆಮೇಲೂ ಬೋರ್ಡಿನ ಮೇಲೆ ತಪ್ಪು ಸ್ಥಿತಿ ಹಾಗೇ ಇದ್ದರೆ ಡ್ರಾ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಹುಡುಗಿ ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿದಳು. ರಾಜನ ಮೇಲೆ ಬೆರಳು ಹೋಯಿತು, ಮುಟ್ಟದೆ ವಾಪಸ್ ಬಂತು. ಮೂಲೆಯ ಪಾನ್, ಅಂದರೆ ಕಾಲಾಳನ್ನು, ಒಂದು ಮನೆ ತಳ್ಳಿ ಕ್ಲಾಕ್ ಒತ್ತಿದಳು. ಕ್ಲಾಕ್ ನಿಲ್ಲಿಸಿ ಇಬ್ಬರ ರಾಜರನ್ನೂ ತೋರಿಸಿದೆ. ಇಬ್ಬರ ಕಣ್ಣೂ ಒಟ್ಟಿಗೇ ಅಗಲವಾದವು. ಡ್ರಾ ಅಂದಾಗ ಹುಡುಗ, "ಸರ್, ಮತ್ತೆ ಮೊದಲಿಂದ ಆಡ್ಬಹುದಾ?" ಅಂದ. ಊಟದ ಹೊತ್ತಲ್ಲಿ ಇಬ್ಬರೂ ಕೂತು ಆಡಿದರು.

ಅಪ್ಪ ಅಮ್ಮಂದಿರನ್ನು ಆಟದ ಹಾಲಿನೊಳಗೆ ಬಿಡುವುದಿಲ್ಲ. ಹಾಗಂತ ಹೊರಗೆ ಸುಮ್ನೆ ನಿಲ್ಲಿಸುವುದೂ ಇಲ್ಲ. ವರಾಂಡದಲ್ಲಿ ಕಾಫಿ, ಜೊತೆಗೆ ಒಂದಷ್ಟು ಬೋರ್ಡ್. ಒಳಗೆ ಮಗ ಆಡುತ್ತಿದ್ದರೆ ಹೊರಗೆ ತಾತನೂ ಯಾರದೋ ಚಿಕ್ಕಪ್ಪನೂ ಆಡುತ್ತಿರುತ್ತಾರೆ. ಸಮಾನ ಅಂಕ ಬಂದಾಗ ಯಾರು ಮೇಲೆ ಎಂಬುದನ್ನೂ ವರಾಂಡದ ಗೋಡೆಗೇ ಅಂಟಿಸುತ್ತೇನೆ. ನಾವು ಬಳಸುವುದು ಬುಕ್‌ಹೋಲ್ಜ್, ಅಂದರೆ ನಿಮ್ಮ ಎದುರಾಳಿಗಳು ಗಳಿಸಿದ ಒಟ್ಟು ಅಂಕ. ಗಟ್ಟಿಯವರ ಎದುರು ಆಡಿ ಅಷ್ಟೇ ಅಂಕ ತಂದವರು ಮೇಲೆ. ಬೆಳಿಗ್ಗೆಯೇ ಓದಿರುವುದರಿಂದ ಸಂಜೆ ಜಗಳ ಬರುವುದಿಲ್ಲ.

ಜೂನ್ ಬಂತೆಂದರೆ ನಮ್ಮ ಪೆಟ್ಟಿಗೆಗಳು ಮೇಲೆ ಹೋಗುತ್ತವೆ. ಕ್ಲಾಕಿನ ಬ್ಯಾಟರಿ ತೆಗೆದು, ರೆಕ್ಸಿನ್ ಬೋರ್ಡ್ ಒರೆಸಿ ಒಣಗಿಸಿ ಇಡಬೇಕು, ಇಲ್ಲದಿದ್ದರೆ ಆಗಸ್ಟಿಗೆ ಬೂಷ್ಟು. ಮಳೆಗಾಲವೆಲ್ಲ ಆಟ ಆನ್‌ಲೈನ್. ಲೀಚೆಸ್ ಎಂಬ ಚೆಸ್ ವೆಬ್‌ಸೈಟ್ ಬಳಸುತ್ತೇವೆ. ಅದು ಪೂರ್ತಿ ಉಚಿತ, ಜಾಹೀರಾತೂ ಇಲ್ಲ, ಹಳೇ ಫೋನಿನಲ್ಲೂ ನಡೆಯುತ್ತದೆ. ಅಲ್ಲೂ ಸ್ವಿಸ್ ಇಡಬಹುದು. ಆದರೆ ಮಳೆಗಾಲಕ್ಕೆ ನಾನು ಇಡುವುದು ಅರೀನಾ. ಅರೀನಾದಲ್ಲಿ ಒಂದು ಗಂಟೆ ಅಂತ ವೇಳೆ ಇರುತ್ತದೆ, ಒಂದು ಆಟ ಮುಗಿದ ಕೂಡಲೇ ಇನ್ನೊಬ್ಬರು ಸಿಗುತ್ತಾರೆ. ಗೆದ್ದರೆ 2, ಡ್ರಾ ಆದರೆ 1. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಟವರ್ ಹೋಯಿತು ಅನ್ನಿ. ಆ ಒಂದು ಆಟ ಹೋಗಬಹುದು, ನೆಟ್‌ವರ್ಕ್ ಬಂದ ಮೇಲೆ ಮತ್ತೆ ಸೇರಿಕೊಳ್ಳಬಹುದು. ಸ್ವಿಸ್‌ನಲ್ಲಾದರೆ ರೌಂಡೇ ಹೋಗುತ್ತದೆ.

ಪಂದ್ಯ ರಚಿಸುವಾಗ ಬರ್ಸರ್ಕ್ ಆಯ್ಕೆ ತೆಗೆದುಬಿಡಿ. ಅದನ್ನು ಒತ್ತಿದರೆ ಸಮಯ ಅರ್ಧವಾಗುತ್ತದೆ, ಗೆದ್ದರೆ ಒಂದು ಅಂಕ ಜಾಸ್ತಿ. ಚಿಕ್ಕವರು ಏನೆಂದು ತಿಳಿಯದೆ ಒತ್ತುತ್ತಾರೆ. ಪಂದ್ಯಕ್ಕೆ ಪಾಸ್‌ವರ್ಡ್ ಹಾಕಿ, ಅದನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಕಳಿಸಿ. ಮಕ್ಕಳ ಖಾತೆಯಲ್ಲಿ ಕಿಡ್ ಮೋಡ್ ಹಾಕಿಸಿ, ಆಗ ಅಪರಿಚಿತರ ಚಾಟ್, ಸಂದೇಶ ಬರುವುದಿಲ್ಲ. ಇದನ್ನು ಪೋಷಕರ ಎದುರೇ ಕೂತು ಮಾಡಿಸುತ್ತೇನೆ.

ಆನ್‌ಲೈನ್ ಆಟಕ್ಕೆ ಬಹುಮಾನ ಇಡುವುದಿಲ್ಲ. ಈ ವಿಷಯದಲ್ಲಿ ನಾನು ಗಟ್ಟಿ. ಇನ್ನೊಂದು ಫೋನಿನಲ್ಲಿ ಕಂಪ್ಯೂಟರ್ ಕೇಳಿ ನಡೆ ಹಾಕುವುದು ತುಂಬ ಸುಲಭ. ಬಹುಮಾನ ಇಟ್ಟರೆ ನಾವೇ ಮಗುವನ್ನು ಆ ದಾರಿಗೆ ತಳ್ಳಿದಂತೆ. ಅನುಮಾನ ಬಂದರೂ ಗುಂಪಿನಲ್ಲಿ ಹೆಸರು ಹಾಕುವುದಿಲ್ಲ. ಮಳೆ ಬಿಟ್ಟ ಮೇಲೆ ಆ ಮಗುವನ್ನು ಕರೆದು ಕೂರಿಸಿ ನಾನೇ ಒಂದು ಆಟ ಆಡುತ್ತೇನೆ, ಆಡುತ್ತಾ ಕೇಳುತ್ತೇನೆ. ಮಕ್ಕಳು ಹೇಳಿಬಿಡುತ್ತಾರೆ.

2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಮೇಲೆ ನನಗೆ ಬರುವ ಫೋನು ಜಾಸ್ತಿಯಾಗಿದೆ. ಎಲ್ಲರದೂ ಒಂದೇ ಪ್ರಶ್ನೆ: "ರೇಟಿಂಗ್ ಪಂದ್ಯ ಯಾವಾಗ ಇಡ್ತೀರಿ?" ರೇಟಿಂಗ್ ಅಂದರೆ ಆಟಗಾರರ ಬಲ ಅಳೆದು ಫಿಡೆ ಕೊಡುವ ಅಂಕಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಪಕ್ಕದ ಮೈಸೂರಿನವರೇ, ಹಾಗಾಗಿ ಆಸೆ ದೂರದ್ದಲ್ಲ. ಆದರೆ 2024ರ ಮಾರ್ಚಿನಿಂದ ಫಿಡೆ ಕನಿಷ್ಠ ರೇಟಿಂಗ್ 1400ಕ್ಕೆ ಏರಿಸಿದೆ. ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಆಡುವವರ ಹೆಸರು ಪಟ್ಟಿಗೆ ಬರುವುದೇ ಇಲ್ಲ. ಮೊದಲ ರೇಟಿಂಗ್ ಸಿಗಲು ರೇಟಿಂಗ್ ಇರುವವರ ಜೊತೆ ಕನಿಷ್ಠ 5 ಆಟ ಆಡಿರಬೇಕು. ಈಗಷ್ಟೇ ಕಲಿತ ಮಗುವನ್ನು ದುಬಾರಿ ಪ್ರವೇಶ ಶುಲ್ಕ ಕಟ್ಟಿ ಅಲ್ಲಿಗೆ ಓಡಿಸುವುದು ಬೇಡ ಎನ್ನುತ್ತೇನೆ. ಇಲ್ಲೇ ಊರಲ್ಲಿ ಆಡಲಿ. ನಮ್ಮ ಪಂದ್ಯದಲ್ಲಿ ಸಲೀಸಾಗಿ ಗೆಲ್ಲತೊಡಗಿದ ದಿನ ಮೈಸೂರಿಗೆ ಕರೆದುಕೊಂಡು ಹೋಗಿ.

ಈಗ ನನ್ನ ಮನಸ್ಸೆಲ್ಲ ಇರುವುದು ಮನೆ ಚೆಸ್‌ನಲ್ಲಿ. ಕೌಟುಂಬಿಕ ಹಾಕಿಯನ್ನು 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದರು. ಮನೆತನದ ಹೆಸರಲ್ಲಿ ತಂಡ ಕಟ್ಟಿದರೆ ಎಷ್ಟು ಜನ ಮೈದಾನಕ್ಕೆ ಬರುತ್ತಾರೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಚೆಸ್‌ಗೂ ಅದನ್ನೇ ತಂದೆವು. ತಂಡಕ್ಕೆ ಮೂವರು: 14 ವರ್ಷದೊಳಗಿನ ಒಬ್ಬರು, 50 ದಾಟಿದ ಒಬ್ಬರು, ಇನ್ನೊಬ್ಬರು ಯಾರಾದರೂ. ಮೂವರಲ್ಲಿ ಒಬ್ಬರಾದರೂ ಹೆಂಗಸು ಅಥವಾ ಹುಡುಗಿ ಇರಲೇಬೇಕು. ಮೂರು ಬೋರ್ಡಿನಲ್ಲಿ ಎರಡು ಗೆದ್ದರೆ ಮ್ಯಾಚ್ ಆ ಮನೆಯದು. ಕೊಡವರ ಒಕ್ಕಕ್ಕೆ, ಅಂದರೆ ಮನೆತನಕ್ಕೆ ಮಾತ್ರ ಅಂತ ಇಟ್ಟಿಲ್ಲ. ಅರೆಭಾಷೆಯವರು, ಬ್ಯಾರಿಗಳು, ಪೇಟೆ ಬೀದಿಯವರು ಎಲ್ಲ ಬರುತ್ತಾರೆ, ಒಂದೇ ಲೈನಿನ ಮೂರು ಮನೆ ಸೇರಿ ಕಟ್ಟಿದ ತಂಡಕ್ಕೂ ಜಾಗ ಇದೆ.

ಇದರಲ್ಲಿ 50 ದಾಟಿದವರನ್ನು ಹುಡುಕುವುದೇ ಮನೆಯವರಿಗೆ ಕಷ್ಟವಾಗುತ್ತಿತ್ತು. ಈಗ ಮೊಮ್ಮಕ್ಕಳೇ ಕೂತು ಅಜ್ಜಿಗೆ ಕುದುರೆಯ ನಡೆ ಹೇಳಿಕೊಡುತ್ತಿದ್ದಾರೆ. ಮಳೆಗಾಲ ಪೂರ್ತಿ ಅದೇ ಅಭ್ಯಾಸ. ಮದುವೆಯಾದ ಹೆಣ್ಣುಮಕ್ಕಳು ಯಾವ ಮನೆಗೆ ಆಡಬೇಕು ಎಂಬ ಪ್ರಶ್ನೆಯೂ ಬಂತು. ಹಿರಿಯರು ಒಂದೊಂದು ರೀತಿ ಹೇಳಿದರು, ಚರ್ಚೆ ಜೋರಾಗಿಯೇ ನಡೆಯಿತು. ಕೊನೆಗೆ ಅವಳಿಗೇ ಬಿಟ್ಟೆವು. ತವರೋ ಗಂಡನ ಮನೆಯೋ, ಆ ವರ್ಷಕ್ಕೆ ಒಂದನ್ನು ಆರಿಸಿ ಹೆಸರು ಕೊಡಲಿ. ಈ ಸಲ ನವೆಂಬರಿಗೆ ಅಕ್ಕತಂಗಿಯರಿಬ್ಬರು ಬೇರೆ ಬೇರೆ ಮನೆಗೆ ಹೆಸರು ಕೊಟ್ಟಿದ್ದಾರೆ, ಇಬ್ಬರದೂ ಎರಡನೇ ಬೋರ್ಡ್.